ಹಾಳೆಗೂ ಒಂದು ದಿಕ್ಕಿದೆ

ಕಾಗದದಲ್ಲಿ ಹಡಗಿನ ಮಾದರಿ ಮಾಡಲು ಕೂತವರು ಮೊದಲು ಕೇಳುವ ಪ್ರಶ್ನೆ, "ಎಷ್ಟು ದಪ್ಪದ ಕಾಗದ ತರಲಿ?" ನನಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ಹೊರಮೈಗೆ 160ರಿಂದ 200 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಹಾಳೆ, ಒಳಗಿನ ಎಲುಬುಗೂಡಿಗೆ 1 ಮಿ.ಮೀ. ರಟ್ಟು. ಮುಗೀತು. ಕೇಳಬೇಕಾದ್ದು ಬೇರೆಯೇ ಇದೆ: ಹಾಳೆಯ ನಾರು ಯಾವ ಕಡೆ ಓಡಿದೆ?

ಹಳೇ ದಿನಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿದು ನೋಡಿ. ಹೆಚ್ಚು ಕಮ್ಮಿ ನೆಟ್ಟಗೆ ಹರಿಯುತ್ತದೆ. ಅಡ್ಡಕ್ಕೆ ಹರಿದರೆ ಎಲ್ಲೆಲ್ಲಿಗೋ ಹೋಗುತ್ತದೆ. ಕಾರ್ಖಾನೆಯಲ್ಲಿ ನೀರಾದ ತಿರುಳು ಓಡುವ ಜಾಲರಿಯ ಮೇಲೆ ಬೀಳುತ್ತದೆ. ಹೊಳೆಯಲ್ಲಿ ತೇಲಿಬರುವ ದಿಮ್ಮಿಗಳ ಹಾಗೆ ನಾರುಗಳು ಓಟದ ದಿಕ್ಕಿಗೇ ಮಲಗುತ್ತವೆ. ಇದೆಲ್ಲ ಶುರುವಾದದ್ದು ಫ್ರಾನ್ಸಿನ ಲೂಯಿ ನಿಕೊಲಾ ರೊಬೇರ್‌ನಿಂದ. ಕಾಗದದ ಯಂತ್ರಕ್ಕೆ ಆತ ಪೇಟೆಂಟ್ ಪಡೆದದ್ದು 1799ರಲ್ಲಿ. ಅದಕ್ಕೂ ಮುಂಚಿನ ಕೈಕಾಗದದಲ್ಲಿ ನಾರು ದಿಕ್ಕಾಪಾಲಾಗಿ ಬಿದ್ದಿರುತ್ತಿತ್ತು.

ನೀರು ತಾಗಿದರೆ ನಾರು ಉದ್ದಕ್ಕೆ ಬೆಳೆಯುವುದು ತೀರಾ ಕಮ್ಮಿ, ಅಗಲಕ್ಕೆ ಉಬ್ಬುವುದೇ ಜಾಸ್ತಿ. ಮಳೆಗಾಲದಲ್ಲಿ ಮರದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದಲ್ಲ, ಅದೇ ಕತೆ. ಅಥವಾ ಹೀಗೆ ಅಂದುಕೊಳ್ಳಿ: ಬೆಂಚಿನ ಮೇಲೆ ಒತ್ತಾಗಿ ಕೂತವರೆಲ್ಲ ದಪ್ಪ ಸ್ವೆಟರ್ ಹಾಕಿಕೊಂಡರು. ಸಾಲು ಉದ್ದವಾಗುತ್ತದೆ, ಆದರೆ ಯಾರೂ ಎತ್ತರವಾಗುವುದಿಲ್ಲ. ನನ್ನ ಮೊದಲ ಹಡಗಿನ ಡೆಕ್ಕಿಗೆ ನೀರಿನಂಶದ ಬಿಳಿ ಗೋಂದನ್ನು ಧಾರಾಳವಾಗಿ ಬಳಿದಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಬಾಳೆಹಣ್ಣು!

ಹಾಗಾಗಿ ನಾರು ಹಡಗಿನ ಉದ್ದಕ್ಕೇ ಓಡಲಿ. ಹೊರಮೈ ಸಲೀಸಾಗಿ ಸುತ್ತಿಕೊಳ್ಳುತ್ತದೆ, ಉದ್ದದ ಅಳತೆಯೂ ತಪ್ಪುವುದಿಲ್ಲ. ಸುರುಳಿ ಸುತ್ತಿ ಮಾಡುವ ಕೂವೆಕಂಬಕ್ಕೂ ಇದೇ ಲೆಕ್ಕ.

ರಟ್ಟು ಸಿಗದಿದ್ದರೆ? ತೆಳು ಹಾಳೆಗಳನ್ನೇ ಒಂದರ ಮೇಲೊಂದು ಅಂಟಿಸಿ. ಎರಡು ಹಾಳೆ ಸುಮ್ನೆ ಜೋಡಿಸಿಟ್ಟರೆ ಬಿಗುಪು, ಅಂದರೆ ಬಗ್ಗದೆ ನಿಲ್ಲುವ ಗುಣ, ಎರಡು ಪಟ್ಟು. ಪೂರ್ತಿ ಅಂಟಿಸಿದರೆ ಎಂಟು ಪಟ್ಟು! ಅಂಟಿದ ಪದರಗಳು ಒಂದರ ಮೇಲೊಂದು ಜಾರಲಾರವು. ದಪ್ಪ ಎರಡರಷ್ಟಾದರೆ ಬಿಗುಪು ಎರಡರ ಘನ, ಅಂದರೆ ಎಂಟರಷ್ಟು. ಹೊಸ ಇಸ್ಪೀಟು ಕಟ್ಟನ್ನು ಬಗ್ಗಿಸಿ ನೋಡಿ, ಎಲೆಗಳು ಜಾರುವುದು ಅಂಚಿನಲ್ಲಿ ಕಾಣುತ್ತದೆ. ಅದನ್ನೇ ಅಂಟಿಸಿಬಿಟ್ಟರೆ ಹಲಗೆ. ಮೂರು ಪದರ ಇದ್ದರೆ ನಡುವಿನದರ ನಾರು ಅಡ್ಡಕ್ಕಿರಲಿ, ಪ್ಲೈವುಡ್ಡಿನ ಹಾಗೆ. ಒಣಗುವ ತನಕ ಮೇಲೆ ಭಾರದ ಪುಸ್ತಕ ಹೇರಿಡಿ.

ಕಾಗದದ ಹಡಗು ಅಂದರೆ ಮಕ್ಕಳಾಟ ಅಂತ ನಗುವವರಿಗೆ ನಾನು ಹೇಳುವುದು ಅಮೆರಿಕದ ದೋಣಿಯಾನಿ ನಥಾನಿಯಲ್ ಬಿಷಪ್‌ನ ಕತೆ. 1874ರಲ್ಲಿ ಆತ ಕೆನಡಾದ ಕ್ವೆಬೆಕ್‌ನಿಂದ ಮರದ ದೋಣಿಯಲ್ಲಿ ಹೊರಟ. ನ್ಯೂಯಾರ್ಕ್ ರಾಜ್ಯದ ಟ್ರಾಯ್‌ನಲ್ಲಿ ಅದನ್ನು ಬಿಟ್ಟು ಕಾಗದದ ದೋಣಿ ಹತ್ತಿದ. ಅಲ್ಲಿನ ವಾಟರ್ಸ್ ಮನೆತನದವರು ಕಾಗದದಲ್ಲೇ ದೋಣಿ ಮಾಡಿ ಮಾರುತ್ತಿದ್ದರು. 14 ಅಡಿ ಉದ್ದ, ತೂಕ ಬರೀ 58 ಪೌಂಡ್, ಅಂದರೆ ಸುಮಾರು 26 ಕೆ.ಜಿ. ಅದರಲ್ಲೇ ಹುಟ್ಟು ಹಾಕುತ್ತಾ ಮರುವರ್ಷ ಫ್ಲಾರಿಡಾ ಮುಟ್ಟಿದ!

ಆ ದೋಣಿಗೆ ವಾರ್ನಿಶ್ ಕಾವಲಿತ್ತು. ನಮ್ಮ ಪುಟ್ಟ ಹಡಗಿನ ಮೂತಿಗೆ, ಕಂಬದ ತುದಿಗೆ ಒಂದು ಹನಿ ಸೂಪರ್ ಗ್ಲೂ ಸಾಕು. ನಾರಿನೊಳಗೆ ಇಳಿದು ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗುತ್ತದೆ. ಒಳಮೈಯಿಂದ ಹಾಕಿ, ಹೊರಗೆ ಕಲೆ ಕಾಣಬಾರದು. ಅಂಟಿಸುವ ಕೆಲಸವೆಲ್ಲ ಮುಗಿದ ಮೇಲೇ ಹಾಕಿ. ಅದು ಕುಡಿದ ಕಾಗದಕ್ಕೆ ಬಿಳಿ ಗೋಂದು ಸರಿಯಾಗಿ ಹಿಡಿಯುವುದಿಲ್ಲ.