ವ್ಯಾಪಾರ ಜೋರು, ಕೈಲಿ ದುಡ್ಡಿಲ್ಲ: ಬಿಸಿನೆಸ್ ಕೋಚ್‌ಗೆ 45,000 ಕೊಡಬೇಕಾ?

ಪ್ರಶ್ನೆ: ನಮಸ್ಕಾರ ಸರ್. ತಿಪಟೂರಿನಲ್ಲಿ ನಮ್ಮದೊಂದು ಕಾಂಡಿಮೆಂಟ್ಸ್ ಇದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಚಟ್ನಿಪುಡಿ ಎಲ್ಲ ನಾವೇ ಮಾಡುತ್ತೇವೆ. ನಾನು, ನಮ್ಮನೆಯವರು, ಜೊತೆಗೆ ನಾಲ್ಕು ಜನ ಕೆಲಸದವರು. ತಿಂಗಳಿಗೆ ಸುಮಾರು ಮೂರು ಲಕ್ಷದ ವ್ಯಾಪಾರ. ಅರ್ಧ ನಮ್ಮ ಅಂಗಡಿಯಲ್ಲೇ ಹೋಗುತ್ತದೆ, ಇನ್ನರ್ಧ ಬೇರೆ ಅಂಗಡಿಗಳಿಗೆ ಹಾಕುತ್ತೇವೆ. ಒಂಬತ್ತು ವರ್ಷ ಆಯಿತು. ವ್ಯಾಪಾರ ವರ್ಷದಿಂದ ವರ್ಷಕ್ಕೆ ಏರಿದೆ, ಕೈಯಲ್ಲಿ ಮಾತ್ರ ಏನೂ ನಿಲ್ಲುವುದಿಲ್ಲ. ಬೆಂಗಳೂರಿನ ಒಬ್ಬ ಬಿಸಿನೆಸ್ ಕೋಚ್ ಆರು ತಿಂಗಳಿಗೆ 45,000 ರೂಪಾಯಿ ಕೇಳುತ್ತಿದ್ದಾರೆ. ಸೇರಬೇಕಾ? ಇದರಿಂದ ನಿಜವಾಗಿ ಉಪಯೋಗ ಇದೆಯಾ?

ಉತ್ತರ: ಈಗಲೇ ಸೇರಬೇಡಿ ಮೇಡಂ. ಆರು ವಾರ ತಡೆಯಿರಿ. ಕೋಚಿಂಗ್ ಸುಳ್ಳು ಅಂತ ಅಲ್ಲ, ಅದರಿಂದ ಉದ್ಧಾರ ಆದ ಅಂಗಡಿಗಳೂ ಇವೆ. ಆದರೆ ನಾನು ನೋಡಿದ ಮಟ್ಟಿಗೆ, ಒಳ್ಳೆಯ ಕೋಚ್ ಕೊಡುವ ದೊಡ್ಡ ಸಹಾಯ ಒಂದೇ. ಹೋದ ವಾರ ಮಾಡುತ್ತೇನೆ ಅಂದದ್ದನ್ನು ಮಾಡಿದಿರಾ ಅಂತ ಪ್ರತಿ ವಾರ ತಪ್ಪದೆ ಕೇಳುವುದು. ಹಾಗೆ ಕೇಳಿದಾಗ ತೋರಿಸಲು ನಿಮ್ಮ ಹತ್ತಿರ ಒಂದು ಲೆಕ್ಕದ ಪುಸ್ತಕ ಇರಬೇಕಲ್ವಾ? ಅದು ಇಲ್ಲದೆ ಹೋದರೆ ಮೊದಲ ಎರಡು ತಿಂಗಳ ಫೀಸು ಆ ಪುಸ್ತಕ ಬರೆಯುವುದನ್ನು ಕಲಿಯೋದಕ್ಕೇ ಹೋಗುತ್ತದೆ.

ನಿಮ್ಮ ದುಡ್ಡು ಎಲ್ಲಿದೆ ಅಂತ ಮೊದಲು ನೋಡೋಣ. ತಿಂಗಳಿಗೆ ಒಂದೂವರೆ ಲಕ್ಷದ ಮಾಲು ಬೇರೆ ಅಂಗಡಿಗಳಿಗೆ ಹೋಗುತ್ತದೆ. ಅವರು ಎಷ್ಟು ದಿನಕ್ಕೆ ಕೊಡುತ್ತಾರೆ ಅಂತ ನೀವು ಬರೆದಿಲ್ಲ. ಎರಡು ತಿಂಗಳ ಉದ್ರಿ ಅಂದುಕೊಳ್ಳೋಣ. ಆಗ ಮೂರು ಲಕ್ಷ ರೂಪಾಯಿ ಯಾವಾಗಲೂ ಹೊರಗೇ ಇರುತ್ತದೆ. ಅಂದರೆ ನಿಮ್ಮ ಒಂದು ತಿಂಗಳ ಇಡೀ ವ್ಯಾಪಾರ ಬೇರೆಯವರ ಗಲ್ಲಾದಲ್ಲಿ ಕೂತಿದೆ. ಈಗ ಹೊಸದಾಗಿ ಒಂದು ಅಂಗಡಿ ಸಿಕ್ಕಿತು, ತಿಂಗಳಿಗೆ 10,000 ರೂಪಾಯಿ ಮಾಲು ಕೇಳಿತು ಅಂತಿಟ್ಟುಕೊಳ್ಳಿ. ಎಲ್ಲರಿಗೂ ಖುಷಿ. ಆದರೆ ಮೊದಲ ರೂಪಾಯಿ ವಾಪಸ್ ಬರುವ ಹೊತ್ತಿಗೆ 20,000 ರೂಪಾಯಿಯ ಮಾಲು ಹೋಗಿರುತ್ತದೆ. ಅದಕ್ಕೆ ಹಿಟ್ಟು, ಎಣ್ಣೆ, ಗ್ಯಾಸು, ಕೂಲಿ ಅಂತ 16,000ದಷ್ಟು ನೀವು ಆಗಲೇ ನಗದು ಕೊಟ್ಟಾಗಿದೆ. ಪ್ರತಿ ಹೊಸ ಅಂಗಡಿಗೂ ಇದೇ ಕತೆ. ವ್ಯಾಪಾರ ಏರಿದಷ್ಟೂ ಕೈ ಬರಿದಾಗುವುದು ಹೀಗೆ. ಇದು ನಿಮ್ಮ ದಡ್ಡತನ ಅಲ್ಲ, ಉದ್ರಿ ವ್ಯಾಪಾರದ ಗುಣವೇ ಇದು. ಎಷ್ಟೋ ಜನ ಇದನ್ನು ನಷ್ಟ ಅಂತ ತಿಳಿದು ಎದೆಗುಂದುತ್ತಾರೆ. ಇನ್ನು ಕೆಲವರು ಬಡ್ಡಿಗೆ ಕೈಸಾಲ ತಂದು ಆ ಗುಂಡಿ ತುಂಬುತ್ತಾರೆ.

ಇನ್ನೊಂದು ಸೋರಿಕೆ ದರದಲ್ಲಿದೆ. ಒಂದು ಕೆಜಿ ಚಕ್ಕುಲಿಯ ಲೆಕ್ಕ ಹಾಕಿ ನೋಡೋಣ. ಅಂಕಿಗಳು ನನ್ನ ಅಂದಾಜು, ನಿಮ್ಮವು ಬೇರೆ ಇರಬಹುದು. ಹಿಟ್ಟು, ಬೆಣ್ಣೆ, ಎಳ್ಳು ಸೇರಿ 65. ಎಣ್ಣೆ 300 ಮಿಲಿ, 45. ಗ್ಯಾಸು 15, ಪ್ಯಾಕಿಂಗ್ 10, ಕೂಲಿ 35. ಇಲ್ಲಿಗೆ 170 ಆಯಿತು. ಆಟೋ ಬಾಡಿಗೆ, ಮುರಿದ ಮಾಲು, ವಾಪಸ್ ಬಂದ ಪ್ಯಾಕೆಟ್ಟು ಅಂತ 12 ಸೇರಿಸಿ. ಅಂಗಡಿ ಬಾಡಿಗೆ, ಕರೆಂಟು 10. ಒಟ್ಟು 192. ಸಗಟು ದರ 210 ಆದರೆ ಉಳಿದದ್ದು 18 ರೂಪಾಯಿ. ಇದರಲ್ಲಿ ನಿಮ್ಮ ಮತ್ತು ನಿಮ್ಮನೆಯವರ ದುಡಿಮೆಗೆ ಒಂದು ಪೈಸೆಯೂ ಸೇರಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಏನಾಯಿತು ನೆನಪಿದೆಯಾ? ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೇಲಿನ ಮೂಲ ಆಮದು ಸುಂಕ ಸೊನ್ನೆಯಿಂದ ಶೇ 20ಕ್ಕೆ ಏರಿತು. ಅಡುಗೆ ಎಣ್ಣೆ ತುಟ್ಟಿಯಾಯಿತು. ಲೀಟರಿಗೆ 30 ರೂಪಾಯಿ ಏರಿದರೆ ನಿಮ್ಮ ಒಂದು ಕೆಜಿ ಚಕ್ಕುಲಿಗೆ 9 ರೂಪಾಯಿ ಜಾಸ್ತಿ ಬೀಳುತ್ತದೆ. ಉಳಿಯುತ್ತಿದ್ದ 18ರಲ್ಲಿ ಅರ್ಧ ಹೋಯಿತು! ಆ ಅಕ್ಟೋಬರ್‌ನಲ್ಲಿ ನೀವು ದರ ಬದಲಾಯಿಸಿದಿರಾ? ಇಲ್ಲ ಅಂದರೆ ಕಾರಣ ನನಗೆ ಗೊತ್ತು. ಹಳೇ ಗಿರಾಕಿ, ಏನಂದುಕೊಳ್ಳುತ್ತಾರೋ ಅಂತ. ಪ್ರತಿ ತಿಂಗಳು ಒಂದನೇ ತಾರೀಕು ಇದೇ ಲೆಕ್ಕವನ್ನು ಒಂದು ಹಾಳೆಯಲ್ಲಿ ಹಾಕುವ ಅಭ್ಯಾಸ ಇದ್ದವರಿಗೆ ಆ ಸಂಕೋಚ ಕಡಿಮೆ. ಅಂಕಿ ಕಣ್ಣ ಮುಂದೆ ಇದ್ದಾಗ ಮಾತು ತಾನಾಗೇ ಬರುತ್ತದೆ: "ಎಣ್ಣೆ ಇಷ್ಟಾಗಿದೆ ಅಣ್ಣಾ, ಕೆಜಿಗೆ ಹತ್ತು ರೂಪಾಯಿ ಏರಿಸಲೇಬೇಕು."

ಇನ್ನು ಗಲ್ಲಾದ ವಿಷಯ. ಇದನ್ನು ಹೇಳುವಾಗ ನನಗೆ ನಮ್ಮ ತಂದೆಯ ಕಿರಾಣಿ ಅಂಗಡಿ ನೆನಪಾಗುತ್ತದೆ. ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದರೆ ರಾತ್ರಿ ಹತ್ತರವರೆಗೆ ಅಲ್ಲೇ. ನಮ್ಮ ಸ್ಕೂಲ್ ಫೀಸು, ಹಾಲಿನ ಬಾಬ್ತು, ನೆಂಟರ ಮದುವೆಯ ಮುಯ್ಯಿ, ಎಲ್ಲವೂ ಅದೇ ಗಲ್ಲಾದಿಂದ. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದರು. ಹಳೇ ಪುಸ್ತಕದ ಉದ್ರಿ ಹೊಸದಕ್ಕೆ ಇಳಿಯುತ್ತಿತ್ತು, ಅಷ್ಟೇ. ಅಂಗಡಿ ಮುಚ್ಚಿದ ಮೇಲೆ ಒಂದು ಭಾನುವಾರ ಅಣ್ಣ ಮತ್ತು ನಾನು ಕೂತು ಬಾಕಿಯನ್ನೆಲ್ಲ ಕೂಡಿದೆವು. ಹೊರಗಿನ ಬಾಕಿ ಅಂಗಡಿಯ ಸಾಲಕ್ಕಿಂತ ಜಾಸ್ತಿ ಇತ್ತು. ಅಪ್ಪನಿಗೆ ನಾವು ಅದನ್ನು ಹೇಳಲಿಲ್ಲ. ಅಷ್ಟು ದುಡಿದ ಮನುಷ್ಯನಿಗೆ ವಾರಕ್ಕೊಮ್ಮೆ ಆ ಪುಸ್ತಕ ತೆರೆಸಿ ಜೊತೆಯಲ್ಲಿ ಕೂರುವವರು ಒಬ್ಬರೂ ಇರಲಿಲ್ಲವಲ್ಲ ಅನ್ನುವ ಸಂಕಟ ನನಗೆ ಇವತ್ತಿಗೂ ಇದೆ.

ಮನೆ ದುಡ್ಡು, ಅಂಗಡಿ ದುಡ್ಡು ಬೇರೆ ಬೇರೆ ಇಡಿ ಅನ್ನುವುದು ಹಳೇ ಮಾತು. ಆದರೆ ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಡೊಮಿನಿಕನ್ ರಿಪಬ್ಲಿಕ್ ಅನ್ನುವ ಕೆರಿಬಿಯನ್ ದೇಶದಲ್ಲಿ ಸಣ್ಣ ಸಾಲ ಪಡೆದ ವ್ಯಾಪಾರಿಗಳನ್ನು ಗುಂಪು ಮಾಡಿದರು. ಒಂದು ಗುಂಪಿಗೆ ಪುಸ್ತಕದಲ್ಲಿರುವ ಹಾಗೆ ಅಕೌಂಟಿಂಗ್ ಕಲಿಸಿದರು. ಇನ್ನೊಂದಕ್ಕೆ ಸರಳ ನಿಯಮಗಳನ್ನಷ್ಟೇ ಹೇಳಿಕೊಟ್ಟರು: ಅಂಗಡಿಗೆ ಒಂದು ಡ್ರಾಯರ್, ಮನೆಗೆ ಒಂದು ಡ್ರಾಯರ್. ಅದರಿಂದ ಇದಕ್ಕೆ ತೆಗೆದರೆ ಒಂದು ಚೀಟಿ ಬರೆದಿಡಿ. ಹೀಗೆ ಸರಳವಾಗಿ ಕಲಿತವರ ಲೆಕ್ಕ ಸುಧಾರಿಸಿತು, ವ್ಯಾಪಾರ ಮಂದ ಇರುವ ವಾರಗಳಲ್ಲೂ ಅವರ ಮಾರಾಟ ಮೊದಲಿಗಿಂತ ಚೆನ್ನಾಗಿತ್ತು. ಪೂರ್ತಿ ಅಕೌಂಟಿಂಗ್ ಕಲಿತವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ನನಗೆ ಇದು ಬಹಳ ಸಮಾಧಾನ ಕೊಟ್ಟ ಸುದ್ದಿ. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಬರದೆ ಇದ್ದರೆ ವ್ಯಾಪಾರ ಬೆಳೆಯಲ್ಲ ಅಂತ ಹೆದರುವವರು ನಮ್ಮಲ್ಲಿ ತುಂಬಾ ಜನ.

ಈಗಿನ ಕಾಲಕ್ಕೆ ಡ್ರಾಯರ್ ಅಂದರೆ ಬ್ಯಾಂಕ್ ಖಾತೆ ಮತ್ತು ಕ್ಯೂಆರ್ ಕೋಡ್. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟೋ ಜನ ಕ್ಯೂಆರ್ ಬೋರ್ಡನ್ನೇ ಕಿತ್ತು ಒಳಗಿಟ್ಟರು. ಮಾಲು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ನಿಮ್ಮದು ತಿಂಗಳಿಗೆ ಮೂರು ಲಕ್ಷ, ಅಂದರೆ ವರ್ಷಕ್ಕೆ 36 ಲಕ್ಷ. ಗಡಿಯ ಹತ್ತಿರವೇ ಇದ್ದೀರಿ. ಚೀಟಿ ಎತ್ತಿದ ದುಡ್ಡು, ತಮ್ಮ ವಾಪಸ್ ಕೊಟ್ಟ ಸಾಲ, ಮನೆ ಬಾಡಿಗೆ ಎಲ್ಲ ಒಂದೇ ಖಾತೆಗೆ ಬಂದಿದ್ದರೆ ಯಾವುದು ವ್ಯಾಪಾರದ್ದು, ಯಾವುದಲ್ಲ ಅಂತ ಬಿಡಿಸಿ ಹೇಳೋದೇ ಒಂದು ದೊಡ್ಡ ಕೆಲಸ. ಈ ವಾರವೇ ಅಂಗಡಿ ಹೆಸರಲ್ಲಿ ಕರೆಂಟ್ ಅಕೌಂಟ್ ತೆಗೆಯಿರಿ. ನೀವಿಬ್ಬರೂ ತಿಂಗಳಿಗೆ ಇಷ್ಟು ಅಂತ ಸಂಬಳ ಗೊತ್ತು ಮಾಡಿಕೊಂಡು, ಅಷ್ಟನ್ನೇ ಮನೆ ಖಾತೆಗೆ ಹಾಕಿಕೊಳ್ಳಿ. ಮಧ್ಯದಲ್ಲಿ ತೆಗೆಯಲೇಬೇಕಾಗಿ ಬಂದರೆ ಬರೆದಿಡಿ. ಜಿಎಸ್‌ಟಿ ವಿಷಯಕ್ಕೆ ಒಬ್ಬ ಆಡಿಟರ್ ಹತ್ತಿರ ಈಗಲೇ ಮಾತಾಡಿ, ಗಡಿ ದಾಟಿದ ಮೇಲೆ ಅಲ್ಲ.

ಇದೆಲ್ಲ ಗೊತ್ತಿರುವುದೇ ಅಲ್ವಾ ಅಂತ ನಿಮಗೆ ಅನಿಸಬಹುದು. ಗೊತ್ತಿದ್ದೂ ನಿಲ್ಲುವುದಿಲ್ಲ, ಕಷ್ಟ ಇರುವುದು ಅಲ್ಲೇ. ಮುಂಬೈ ಹತ್ತಿರದ ತಾರಾಪುರ, ಉಂಬರ್‌ಗಾಂವ್‌ನ ಬಟ್ಟೆ ಮಿಲ್ಲುಗಳಲ್ಲಿ 2008ರಲ್ಲಿ ಒಂದು ಪ್ರಯೋಗ ಶುರುವಾಯಿತು. ಸಲಹೆಗಾರರು ತಿಂಗಳುಗಟ್ಟಲೆ ಮಿಲ್ಲಿನಲ್ಲೇ ಇದ್ದು ಕೆಲಸ ಕಲಿಸಿದರು. ಕಲಿಸಿದ್ದು ದೊಡ್ಡ ವಿದ್ಯೆ ಏನಲ್ಲ. ಯಂತ್ರ ಯಾಕೆ ನಿಂತಿತು ಅಂತ ಬರೆದಿಡುವುದು, ನೂಲಿನ ದಾಸ್ತಾನು ಎಣಿಸುವುದು, ಕೆಟ್ಟ ಬಟ್ಟೆಯ ಲೆಕ್ಕ ಇಡುವುದು, ನೆಲ ಚೊಕ್ಕಟ ಇಡುವುದು. ಒಂದೇ ವರ್ಷದಲ್ಲಿ ಉತ್ಪಾದಕತೆ ಶೇ 17ರಷ್ಟು ಏರಿತು. ಸುಮಾರು ಒಂಬತ್ತು ವರ್ಷ ಬಿಟ್ಟು ಅದೇ ಮಿಲ್ಲುಗಳಿಗೆ ಮತ್ತೆ ಹೋಗಿ ನೋಡಿದರು. ಕಲಿತ ಅಭ್ಯಾಸಗಳಲ್ಲಿ ಹತ್ತಿರಹತ್ತಿರ ಅರ್ಧ ಬಿಟ್ಟುಹೋಗಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದ ಮ್ಯಾನೇಜರ್ ಕೆಲಸ ಬಿಟ್ಟಿದ್ದು, ಮಾಲೀಕರಿಗೆ ಪುರುಸೊತ್ತು ಇಲ್ಲದಿದ್ದದ್ದು ಕಾರಣಗಳಲ್ಲಿ ಸೇರಿದ್ದವು. ಹಾಗಿದ್ದೂ ಆ ಮಿಲ್ಲುಗಳು ಸಲಹೆ ಪಡೆಯದ ಮಿಲ್ಲುಗಳಿಗಿಂತ ಮುಂದೇ ಇದ್ದವು.

ಅಭ್ಯಾಸ ಉಳಿಯುವುದಕ್ಕೆ ಕೇಳುವವರು ಬೇಕು. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. 2000ದಿಂದ ಈಚೆಗೆ ಸ್ತ್ರೀಶಕ್ತಿ ಸಂಘಗಳು ಊರೂರಲ್ಲಿ ನಡೆಯುತ್ತಿವೆ. ಮನೆಯಲ್ಲಿ ಎಷ್ಟೇ ಕಷ್ಟ ಇರಲಿ, ಸಂಘದ ವಾರದ ದುಡ್ಡು ಕಟ್ಟಿಯೇ ಕಟ್ಟುತ್ತಾರೆ. ಯಾಕೆ? ಹತ್ತು ಜನ ಎದುರು ಕೂತಿರುತ್ತಾರೆ, ಪುಸ್ತಕ ತೆರೆದಿರುತ್ತದೆ, ಹೆಸರು ಕೂಗುತ್ತಾರೆ. ಅದನ್ನೇ ನಿಮ್ಮ ಅಂಗಡಿಗೂ ಮಾಡಿಕೊಳ್ಳಿ. ನಿಮ್ಮ ಊರಲ್ಲೇ ಬೇಕರಿಯೋ, ಟೈಲರಿಂಗೋ, ಬ್ಯೂಟಿ ಪಾರ್ಲರೋ ನಡೆಸುವ ಇಬ್ಬರು ಇದ್ದೇ ಇರುತ್ತಾರೆ. ನಿಮ್ಮದೇ ಲೈನಿನವರು ಬೇಡ, ದರ ಹೇಳಲು ಇಬ್ಬರಿಗೂ ಮುಜುಗರ. ವಾರಕ್ಕೊಂದು ಗಂಟೆ ಮೂವರೂ ಪುಸ್ತಕ ಹಿಡಿದು ಕೂರಿ. ಈ ವಾರ ಎಷ್ಟು ಬಂತು, ಎಷ್ಟು ಹೋಯಿತು, ಯಾರ ಬಾಕಿ 45 ದಿನ ದಾಟಿದೆ. ಈ ಮೂರೇ ಪ್ರಶ್ನೆ ಸಾಕು.

45 ಅಂತ ಸುಮ್ನೆ ಹೇಳಿದ್ದಲ್ಲ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಉದ್ಯಮ್ ಅನ್ನುವ ಸರ್ಕಾರಿ ನೋಂದಣಿ ಇರುವ ಸಣ್ಣ ತಯಾರಕರಿಗೆ ಕೊಳ್ಳುವವರು ಬರಹದ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತು ಮಾಡುವ 'ಬ್ಯಾಂಕ್ ದರ'ದ ಮೂರು ಪಟ್ಟು ಚಕ್ರಬಡ್ಡಿ. ನೀವು ಚಕ್ಕುಲಿ ಮಾಡುವವರು, ಹಾಗಾಗಿ ತಯಾರಕರು. ನೋಂದಣಿ ಆನ್‌ಲೈನ್‌ನಲ್ಲಿ ಪೂರ್ತಿ ಉಚಿತ, ಯಾರಿಗೂ ಫೀಸು ಕೊಡಬೇಡಿ. ಪಕ್ಕದ ಬೀದಿಯ ಅಂಗಡಿಯವರ ಮೇಲೆ ಕೇಸು ಹಾಕಿ ಅಂತ ನಾನು ಹೇಳುವುದಿಲ್ಲ, ನಾಳೆಯೂ ಅವರ ಮುಖ ನೋಡಬೇಕು. ಆದರೆ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಮತ್ತು ದುಡ್ಡು ಕೊಡಬೇಕಾದ ತಾರೀಕು ಅಚ್ಚು ಹಾಕಿಸಿ. ಲೆಕ್ಕಪತ್ರ ಸರಿಯಾಗಿ ಇಡುವ ಸೂಪರ್‌ಮಾರ್ಕೆಟ್‌ನವರು ಅದನ್ನು ಗಮನಿಸುತ್ತಾರೆ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ, ಗಡುವು ಮೀರಿಸಿದರೆ ದುಡ್ಡು ಕೊಡುವ ತನಕ ಆ ಖರ್ಚನ್ನು ಅವರು ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ.

ಇನ್ನೊಂದು ಅಭ್ಯಾಸ, ಇದು ಅಡುಗೆಮನೆಯದು. ಹಿಟ್ಟಿನ ಹದ ನಿಮ್ಮ ಕೈಯಲ್ಲಿದೆ, ಖಾರದ ಅಂದಾಜು ನಿಮ್ಮ ತಲೆಯಲ್ಲಿದೆ ಅಲ್ವಾ? ಹಾಗಿದ್ದರೆ ನೀವು ಒಂದು ದಿನವೂ ಅಂಗಡಿ ಬಿಟ್ಟು ಹೋಗುವಂತಿಲ್ಲ. ತಕ್ಕಡಿ ಇಟ್ಟು ಪ್ರತಿ ಐಟಂನ ಅಳತೆ ಗ್ರಾಮಿನಲ್ಲಿ ಬರೆದು ಗೋಡೆಗೆ ಅಂಟಿಸಿ. ಮೊದಲ ವಾರ ರುಚಿ ಸ್ವಲ್ಪ ಆಚೀಚೆ ಆಗಬಹುದು, ತಿದ್ದುತ್ತಾ ಹೋಗಿ.

ಕಾಸು ಕೊಡದೆ ಮಾರ್ಗದರ್ಶನ ಸಿಗುವ ಕಡೆಗಳೂ ನಮ್ಮಲ್ಲಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆ ಊಟ, ವಸತಿ ಸಮೇತ ಉಚಿತ ತರಬೇತಿ ಕೊಟ್ಟು, ಆಮೇಲೂ ಎರಡು ವರ್ಷ ಬೆನ್ನ ಹಿಂದೆ ನಿಲ್ಲುತ್ತದೆ. ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಅನ್ನುವ ಸ್ವಉದ್ಯೋಗ ತರಬೇತಿ ಕೇಂದ್ರಗಳಿಗೆ ಇದೇ ಮಾದರಿ. ಅವು ಮುಖ್ಯವಾಗಿ ಹೊಸದಾಗಿ ಶುರು ಮಾಡುವ ಹಳ್ಳಿಯ ಯುವಜನರಿಗೆ. ಆದರೂ ನಿಮ್ಮ ಜಿಲ್ಲೆಯ ಕೇಂದ್ರಕ್ಕೆ ಒಮ್ಮೆ ಹೋಗಿ ವಿಚಾರಿಸಿ. ಬೆಂಗಳೂರಿನ ಅವೇಕ್ ಅನ್ನುವ ಸಂಘ 1983ರಿಂದ ಮಹಿಳಾ ಉದ್ಯಮಿಗಳ ಜೊತೆ ಕೆಲಸ ಮಾಡುತ್ತಿದೆ. ಧಾರವಾಡದಲ್ಲಿ ಉದ್ಯಮಿಗಳಿಗೆ ತರಬೇತಿ ಕೊಡುವ ಸಿಡಾಕ್ ಸಂಸ್ಥೆ ಇದೆ.

ಈಗ ನಿಮ್ಮ 45,000ಕ್ಕೆ ಬರೋಣ. ಕೆಜಿಗೆ 18 ರೂಪಾಯಿ ಉಳಿದರೆ, ಅಷ್ಟು ಹಣ ಅಂದರೆ 2,500 ಕೆಜಿ ಚಕ್ಕುಲಿ. ಕಣ್ಣ ಮುಂದೆ ಆ ರಾಶಿ ತಂದುಕೊಂಡು ಯೋಚನೆ ಮಾಡಿ. ಆರು ವಾರ ಕಿರ್ದಿ, ಅಂದರೆ ದಿನದ ಲೆಕ್ಕ, ಬರೆದು, ಆ ಪುಸ್ತಕ ಹಿಡಿದುಕೊಂಡೇ ಆ ಕೋಚ್‌ನ ನೋಡಲು ಹೋಗಿ. ತಿಂಗಳು ತಿಂಗಳು ಫೀಸು ಕಟ್ಟಬಹುದಾ ಕೇಳಿ. ತಿಂಡಿ ವ್ಯಾಪಾರದವರಿಗೆ ಮೊದಲು ಕಲಿಸಿದ್ದರೆ ಅವರಲ್ಲಿ ಇಬ್ಬರ ಜೊತೆ ಮಾತಾಡಿಸಿ ಅನ್ನಿ. "ಇವತ್ತೇ ಸೇರಿದರೆ ಮಾತ್ರ ಈ ರೇಟು" ಅಂದರೆ ಬೇಡ. ಅವರು ನಿಮ್ಮ ಪುಸ್ತಕ ತೆಗೆದುಕೊಂಡು, ಪುಟ ತಿರುವಿ, ಈ ಅಂಗಡಿ ಯಾಕೆ ಮೂರು ತಿಂಗಳಿಂದ ಕೊಟ್ಟಿಲ್ಲ ಅಂತ ಬೆರಳಿಟ್ಟು ಕೇಳಿದರೆ ಒಂದು ತಿಂಗಳ ಫೀಸು ಕಟ್ಟಿ ನೋಡಿ. ಪುಸ್ತಕ ಪಕ್ಕಕ್ಕಿಟ್ಟು ವಿಡಿಯೋ ತೋರಿಸಲು ಶುರು ಮಾಡಿದರೆ, ಕಾಫಿ ಕುಡಿದು ತಿಪಟೂರಿನ ಬಸ್ ಹತ್ತಿ.