ಡಿಬಿ ಮೇಲೆ ಬರ್ದಿರೋದೇ ಒಂದು, ಆಫ್ ಆಗೋದೇ ಇನ್ನೊಂದು: ಹೊಸ ಲೇಬಲ್ ಅಂಟಿಸಿದ್ರೆ ಸಾಕಾ?

ಪ್ರಶ್ನೆ: ಸರ್, ನಮ್ಮ ಆಫೀಸ್ ಇರೋದು ಪೀಣ್ಯ ಕಡೆ ಒಂದು ಹಳೇ ಬಿಲ್ಡಿಂಗಲ್ಲಿ, ನಲವತ್ತು ವರ್ಷ ಆಗಿರ್ಬೇಕು. ಡಿಬಿಲಿ (ಕರೆಂಟ್ ಬೇರೆ ಬೇರೆ ಲೈನಿಗೆ ಹಂಚೋ ಬಾಕ್ಸಲ್ಲಿ) 'ಝೆರಾಕ್ಸ್ ರೂಮ್' ಅಂತ ಬರ್ದಿರೋ ಎಂಸಿಬಿ (ಓವರ್‌ಲೋಡ್ ಆದ್ರೆ ತಾನೇ ಬೀಳೋ ಸ್ವಿಚ್) ಆಫ್ ಮಾಡಿದ್ರೆ ಟಾಯ್ಲೆಟ್ ಲೈಟ್ ಹೋಗುತ್ತೆ, ಝೆರಾಕ್ಸ್ ರೂಮ್ ಅನ್ನೋದೇ ಈಗ ಇಲ್ಲ. ಒಂದ್ ಭಾನುವಾರ ಬಂದು ಒಂದೊಂದೇ ಆಫ್ ಮಾಡಿ ನೋಡ್ಕೊಂಡು ಹೊಸ ಲೇಬಲ್ ಅಂಟಿಸಿಬಿಟ್ರೆ ಸಾಕಲ್ವಾ?

ಅರ್ಧ ಸಾಕು. ಒಂದೊಂದೇ ಆಫ್ ಮಾಡಿದ್ರೆ ಏನು ಹೋಯ್ತು ಅಂತ ಗೊತ್ತಾಗುತ್ತೆ, ಏನು ಇನ್ನೂ ಉಳ್ಕೊಂಡಿದೆ ಅಂತ ಗೊತ್ತಾಗಲ್ಲ, ಶಾಕ್ ಹೊಡೆಯೋದು ಆ ಉಳ್ಕೊಂಡಿರೋದೇ.

ಮೊದಲು ಲೇಬಲ್ ಯಾಕೆ ಸುಳ್ಳಾಗುತ್ತೆ ನೋಡಿ. ಬಾಡಿಗೆಯವರು ಬದಲಾಗ್ತಾರೆ, ಪಾರ್ಟಿಷನ್ ಬದಲಾಗುತ್ತೆ, ಅದು ಎಲ್ರಿಗೂ ಗೊತ್ತಿರೋದು. ಆದ್ರೆ ನಾನು ಜಾಸ್ತಿ ನೋಡಿರೋದು ಬೇರೆ, ಬಿಲ್ಡಿಂಗಿಗೆ ಬರೋ ಮೂರು ಕರೆಂಟ್ ಲೈನಲ್ಲಿ (ಆರ್, ವೈ, ಬಿ ಫೇಸ್) ಆರ್ ಫೇಸ್ ಮೇಲೆ ಲೋಡ್ ಜಾಸ್ತಿ ಆಗಿ ಟ್ರಿಪ್ ಆಗ್ತಿತ್ತು ಅಂತ ಯಾರೋ ವೈರ್‌ಮನ್ ಬಂದು ಒಂದು ಏಸಿ ಲೈನ್ ಕಿತ್ತು ಬಿ ಫೇಸ್‌ಗೆ ಹಾಕಿ ಹೋಗಿರ್ತಾನೆ, ಕೆಲಸ ಸರಿಯಾಗೇ ಮಾಡಿರ್ತಾನೆ, ಪೆನ್ ಮಾತ್ರ ತಂದಿರಲ್ಲ. ಇನ್ನೊಂದು, ಅಕ್ಕಪಕ್ಕ ಒಂದೇ ಥರದ ಎರಡು ಡಿಬಿ ಇದ್ದು ಪೇಂಟಿಂಗ್ ಟೈಮಲ್ಲಿ ಮುಚ್ಚಳ ಎರಡೂ ಬಿಚ್ಚಿಟ್ಟು ವಾಪಸ್ ಹಾಕುವಾಗ ಅದಲು ಬದಲು ಆದ್ರೆ ಒಂದೇ ದಿನದಲ್ಲಿ ಅಷ್ಟೂ ಲೇಬಲ್ ಸುಳ್ಳು! ಅದಕ್ಕೇ ಮುಚ್ಚಳದ ಮೇಲೆ ಮಾತ್ರ ಬರೀಬೇಡಿ, ಒಳಗಡೆ ಫ್ರೇಮ್ ಮೇಲೂ ಇರ್ಲಿ. ಎಷ್ಟೋ ಪ್ಯಾನೆಲ್‌ಗಳಲ್ಲಿ ನಿಜ ಹೇಳೋ ಲೇಬಲ್ ಅಂದ್ರೆ ತಲೆಬುರುಡೆ ಇರೋ '440 ವೋಲ್ಟ್ ಅಪಾಯ' ಬೋರ್ಡ್ ಒಂದೇ.

ಈಗ ನಿಜವಾದ ತೊಂದ್ರೆಗೆ ಬರೋಣ, ನ್ಯೂಟ್ರಲ್, ಅಂದ್ರೆ ಕರೆಂಟ್ ವಾಪಸ್ ಹೋಗೋ ವೈರ್. ಹಳೇ ಬಿಲ್ಡಿಂಗಲ್ಲಿ ಒಂದು ಲೈಟ್ ಜಾಸ್ತಿ ಹಾಕ್ಬೇಕಾದ್ರೆ ಫೇಸ್ ಒಂದು ಕಡೆಯಿಂದ ತಂದು ನ್ಯೂಟ್ರಲ್ ಮಾತ್ರ ಹತ್ರದ ಸಾಕೆಟ್ ಬಾಕ್ಸಿಂದ ಎಳ್ಕೊಂಡಿರ್ತಾರೆ, ವೈರ್ ಉಳೀತು ಅಂತ. ನೀವು ಸಾಕೆಟ್ಟಿನ ಎಂಸಿಬಿ ಆಫ್ ಮಾಡ್ತೀರಾ, ಸಾಕೆಟ್‌ಗೆ ಕರೆಂಟ್ ಇಲ್ಲ, ಲೇಬಲ್ ಕೂಡ ಸರಿ ಇದೆ, ಆದ್ರೆ ಬಾಕ್ಸ್ ಬಿಚ್ಚಿ ಆ ನ್ಯೂಟ್ರಲ್ ಜಾಯಿಂಟ್ ಬಿಡಿಸಿದ ತಕ್ಷಣ ಆಚೆ ಉರೀತಿರೋ ಲೈಟ್ ಆರಿ, ಅದರ ಮೂಲಕ ಬಂದ 230 ವೋಲ್ಟ್ ನಿಮ್ಮ ಕೈಲಿರೋ ತುದಿಗೆ ಬಂದು ನಿಂತಿರುತ್ತೆ. ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ಲೈನ್ ಕಟ್ ಮಾಡೋ ಸ್ವಿಚ್) ಸುಮ್ನೆ ಸುಮ್ನೆ ಟ್ರಿಪ್ ಆಗೋದಕ್ಕೂ ಎಷ್ಟೋ ಸಲ ಈ ಕಲಬೆರಕೆ ನ್ಯೂಟ್ರಲ್ಲೇ ಕಾರಣ, ಅದನ್ನ ಹುಡುಕೋದು ಬಿಟ್ಟು ಆರ್‌ಸಿಸಿಬಿನೇ ಬೈಪಾಸ್ ಮಾಡಿರೋ ಪುಣ್ಯಾತ್ಮರನ್ನೂ ನೋಡಿದೀನಿ. ಕಂಡುಹಿಡಿಯೋದು ಕಷ್ಟ ಅಲ್ಲ, ಒಂದು ಸರ್ಕ್ಯೂಟಿನ ಫೇಸ್ ಮತ್ತೆ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯೋ ಮೀಟರ್) ಒಳಗೆ ಹಿಡಿದ್ರೆ ಹೆಚ್ಚುಕಮ್ಮಿ ಸೊನ್ನೆ ತೋರಿಸ್ಬೇಕು, ತೋರಿಸ್ಲಿಲ್ಲ ಅಂದ್ರೆ ನ್ಯೂಟ್ರಲ್ ಬೇರೆ ಎಲ್ಲೋ ಸೇರಿದೆ, ಇಲ್ಲಾ ಲೀಕೇಜ್ ಇದೆ. ಇದು ಮುಚ್ಚಳ ಬಿಚ್ಚಿ ಮಾಡೋ ಕೆಲಸ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಮಾಡ್ಲಿ, ನೀವು ಮಾಡ್ಬೇಡಿ.

ಯುಪಿಎಸ್, ಜನರೇಟರ್, ಸೋಲಾರ್ ಇದ್ರೆ ಇನ್ನೂ ಮಜಾ. ಮೇನ್ ಆಫ್ ಮಾಡಿದ್ರೂ ಯುಪಿಎಸ್ ಲೈನ್ ಜೀವಂತ, ಅದೇ ಪೈಪಲ್ಲಿ ಅಕ್ಕಪಕ್ಕ ಓಡ್ತಿರುತ್ತೆ.

ಭಾನುವಾರದ ಕೆಲಸ ನೀವು ಮಾಡಬಹುದು, ಮುಚ್ಚಳ ಮುಚ್ಚಿರೋ ಹಾಗೇ. ಸರ್ವರ್, ಲಿಫ್ಟ್, ಫೈರ್ ಅಲಾರಂ ಎಲ್ಲಿಂದ ಬಂದಿದೆ ಗೊತ್ತಿಲ್ಲ ಅಂತಾನೇ ಅಂದ್ಕೊಂಡು, ಸಂಬಂಧಪಟ್ಟವರಿಗೆ ಹೇಳಿ, ಸರ್ವರ್ ಸರಿಯಾಗಿ ಶಟ್‌ಡೌನ್ ಮಾಡಿಸಿ ಶುರು ಮಾಡಿ. ಇಬ್ಬರು ಬೇಕು, ಒಬ್ಬರು ಡಿಬಿ ಹತ್ರ ಇನ್ನೊಬ್ಬರು ಫೋನ್ ಹಿಡ್ಕೊಂಡು ತಿರುಗಾಡೋಕೆ. ಸಾಕೆಟ್‌ಗಳಿಗೆಲ್ಲ ಝೀರೋ ಬಲ್ಬ್ ಚುಚ್ಚಿ ಇಟ್ರೆ ಕಣ್ಣಿಗೇ ಕಾಣುತ್ತೆ. ಒಂದೊಂದೇ ಆಫ್ ಮಾಡೋದು ಮೊದಲನೇ ಸುತ್ತು, ಆಮೇಲೆ ಎಲ್ಲಾ ಆಫ್ ಮಾಡಿ ಒಂದೊಂದೇ ಆನ್ ಮಾಡೋದು ಎರಡನೇ ಸುತ್ತು, ಇದನ್ನ ಯಾರೂ ಮಾಡಲ್ಲ. ಎಲ್ಲಾ ಆಫ್ ಇದ್ದಾಗಲೂ ಉರೀತಿರೋದು ಬೇರೆ ಡಿಬಿದು ಅಥವಾ ಯುಪಿಎಸ್‌ದು, ಎರಡು ಎಂಸಿಬಿಗೂ ಉರಿಯೋ ಪಾಯಿಂಟ್ ಇದ್ರೆ ಎಲ್ಲೋ ಎರಡು ಲೈನ್ ಸೇರ್ಕೊಂಡಿದೆ, ತಕ್ಷಣ ಎಲೆಕ್ಟ್ರಿಷಿಯನ್‌ನ ಕರೀರಿ. ಹಾಂ, ವರ್ಷಗಟ್ಟಲೆ ಮುಟ್ಟದೇ ಇರೋ ಎಂಸಿಬಿ ಆಫ್ ಆದ್ಮೇಲೆ ವಾಪಸ್ ಆನ್ ಆಗದೇ ಸತಾಯಿಸೋದುಂಟು, ಸ್ಪೇರ್ ಎರಡು ತಂದಿಟ್ಕೊಂಡಿರಿ, ಬದಲಾಯಿಸೋದು ಮಾತ್ರ ಎಲೆಕ್ಟ್ರಿಷಿಯನ್ ಕೆಲಸ.

ಲೇಬಲ್ ಬರೆಯುವಾಗ ಜನರ ಹೆಸರು ಬೇಡ, 'ಎಂಡಿ ಕ್ಯಾಬಿನ್' ಅಂತೀರಾ, ಎಂಡಿ ನಾಳೆ ಮೇಲಿನ ಫ್ಲೋರಿಗೆ ಹೋಗ್ತಾರೆ. 'ಮೊದಲ ಮಹಡಿ, ರಸ್ತೆ ಕಡೆ ಕಿಟಕಿ, ಮೂರು ಸಾಕೆಟ್' ಅಂತ ಜಾಗ ಬರೀರಿ, ತಾರೀಕು ಹಾಕಿ, ವಾಚ್‌ಮನ್‌ಗೂ ಓದೋಕಾಗೋ ಹಾಗೆ ಕನ್ನಡದಲ್ಲೂ ಇರ್ಲಿ. ಸಿಗಲಿಲ್ವಾ, 'ಗೊತ್ತಿಲ್ಲ' ಅಂತಾನೇ ಬರೀರಿ, ಅಂದಾಜಿಗೆ ಬರೆಯೋದಕ್ಕಿಂತ ವಾಸಿ.

ಇಷ್ಟೆಲ್ಲ ಮಾಡಿದ್ಮೇಲೂ ಆ ಲೇಬಲ್ ನಂಬಿ ಯಾರೂ ವೈರ್ ಮುಟ್ಟಬಾರದು. ಟೆಸ್ಟರ್ ಸ್ಕ್ರೂಡ್ರೈವರ್ ಕೂಡ ನಂಬಬೇಡಿ, ಒಣಗಿದ ಮರದ ಸ್ಟೂಲ್ ಮೇಲೆ ನಿಂತಾಗ ಕರೆಂಟ್ ಇದ್ರೂ ಸರಿಯಾಗಿ ಉರಿಯದೇ ಇರಬಹುದು. ಕೆಲಸ ಮಾಡೋರು ಮೊದಲು ಕರೆಂಟ್ ಇರೋ ಕಡೆ ಮೀಟರ್ ಇಟ್ಟು ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ನೋಡಿ, ಮತ್ತೆ ಕರೆಂಟ್ ಇರೋ ಕಡೆ ಇಟ್ಟು ಮೀಟರ್ ಕೆಟ್ಟಿಲ್ಲ ಅಂತ ಖಾತ್ರಿ ಮಾಡ್ಕೊಬೇಕು, ಎಂಸಿಬಿಗೆ ಬೀಗ ಹಾಕಿ ಬೀಗದ ಕೈ ಜೇಬಲ್ಲಿ ಇಟ್ಕೊಬೇಕು.

'ಸ್ಪೇರ್' ಅಂತ ಬರ್ದು ವೈರ್ ಸಿಕ್ಕಿಸಿರೋ ಎಂಸಿಬಿ ಮೇಲೆ ಡಬಲ್ ಡೌಟ್ ಇರ್ಲಿ. ಅಂಥದ್ದೊಂದನ್ನ ಆಫ್ ಮಾಡಿ ಇಡೀ ಬಿಲ್ಡಿಂಗ್ ಸುತ್ತಿದ್ವಿ, ಏನೂ ಹೋಗಿರಲಿಲ್ಲ, ಸರಿ ಖಾಲಿ ಅಂತ ಬರ್ಕೊಂಡು ಮನೆಗೆ ಹೋದ್ವಿ. ಸೋಮವಾರ ಸಂಜೆ ಅರ್ಚಕರು ಬಂದು ಕೇಳಿದ್ರು, ಗೇಟ್ ಹತ್ರ ಗಣಪತಿ ಗುಡಿ ದೀಪ ಯಾಕೆ ಹತ್ತುತಿಲ್ಲ ಅಂತ.