ಕಟ್ಟಿ ಮುಗಿದ ಮನೆಗೆ ಕಣ್ಣಿಗೆ ಬೀಳದ ನೆಟ್‌ವರ್ಕ್ ಕೇಬಲ್: ಅಧ್ಯಯನ ಟಿಪ್ಪಣಿ

ಅಮೆರಿಕದ ವಿಡಿಯೊಗಳನ್ನು ನೋಡಿ ಈ ಕೆಲಸ ಕಲಿಯಲು ಹೊರಟರೆ ಮೊದಲ ಹೆಜ್ಜೆಯಲ್ಲೇ ತಡೆ ಎದುರಾಗುತ್ತದೆ. ಅಲ್ಲಿನ ಬಹುಪಾಲು ಮನೆಗಳ ಒಳಗೋಡೆ ಎಂದರೆ ಮರದ ಚೌಕಟ್ಟಿನ ಎರಡೂ ಬದಿಗೆ ಬಡಿದ ಜಿಪ್ಸಮ್ ಹಲಗೆ, ನಡುವೆ ಪೊಳ್ಳು. ಮೇಲಿನಿಂದ ತೂತು ಕೊರೆದು ಕೇಬಲ್ ಇಳಿಬಿಟ್ಟರೆ ಕೆಳಗಿನ ಕೋಣೆಯಲ್ಲಿ ಅದನ್ನು ಹಿಡಿದುಕೊಳ್ಳಬಹುದು. ನಮ್ಮ ಗೋಡೆಗಳು ಇಟ್ಟಿಗೆಯವು, ಕಾಂಕ್ರೀಟ್ ಬ್ಲಾಕಿನವು, ಕರಾವಳಿಯಲ್ಲಾದರೆ ಮುರಕಲ್ಲಿನವು. ತಲೆಯ ಮೇಲೆ ಆರ್‌ಸಿಸಿ ತಾರಸಿ. ಪೊಳ್ಳು ಎಂಬುದೇ ಇಲ್ಲ. ಆದ್ದರಿಂದ ನಮ್ಮ ಪಾಠ ಬೇರೆ ಕಡೆಯಿಂದ ಶುರುವಾಗಬೇಕು. ಕೇಬಲನ್ನು ಎಲ್ಲಿ ಬಚ್ಚಿಡುವುದು ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಈ ಮನೆಯೊಳಗೆ ಈಗಾಗಲೇ ಯಾವ ಯಾವ ದಾರಿಗಳಿವೆ ಎಂದು ಹುಡುಕಬೇಕು. ಗೋಡೆ ಒಡೆಯುವುದು ಕೊನೆಯ ಮಾತು.

ಇನ್ನೊಂದು ವಿಷಯವನ್ನು ಆರಂಭದಲ್ಲೇ ಗಟ್ಟಿಯಾಗಿ ಹೇಳಿಬಿಡುತ್ತೇನೆ. ಕಣ್ಣಿಗೆ ಮರೆಯಾದ ಕೇಬಲ್ ಕೈಗೆ ಸಿಗುವಂತಿರಬೇಕು. ಪೈಪ್ ಇಲ್ಲದೆ ನೇರವಾಗಿ ಸಿಮೆಂಟಿನಲ್ಲಿ ಹೂತ ಕೇಬಲ್ ನೋಡಲು ಚೆನ್ನಾಗಿರಬಹುದು, ಆದರೆ ಅದು ಕೆಟ್ಟ ಕೆಲಸ. ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸುವ ಪದ್ಧತಿಗೆ ಈಥರ್ನೆಟ್ ಎನ್ನುತ್ತಾರೆ. ತಿರುಚಿದ ತಂತಿಯ ಮೇಲೆ ಓಡುವ ಈಥರ್ನೆಟ್‌ನ ವೇಗ 1990ರ ಮಾನಕದಲ್ಲಿ ಸೆಕೆಂಡಿಗೆ 10 ಮೆಗಾಬಿಟ್ ಇತ್ತು. 1995ರಲ್ಲಿ 100 ಮೆಗಾಬಿಟ್, 1999ರಲ್ಲಿ 1 ಗಿಗಾಬಿಟ್, 2006ರಲ್ಲಿ 10 ಗಿಗಾಬಿಟ್ ಆಯಿತು. ಹದಿನಾರು ವರ್ಷಗಳಲ್ಲಿ ಸಾವಿರ ಪಟ್ಟು. ಮನೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ನಿಲ್ಲುತ್ತದೆ. ಇಂದು ಎಳೆದ ಕೇಬಲನ್ನು ಮುಂದೊಂದು ದಿನ ಯಾರಾದರೂ ಹೊರಗೆಳೆದು ಹೊಸದನ್ನು ಹಾಕಲೇಬೇಕಾಗುತ್ತದೆ.

ವೈ-ಫೈ ಇರುವಾಗ ತಂತಿ ಏಕೆ

ಬೆಂಗಳೂರಿನಲ್ಲಿ ಸಾಮಾನ್ಯವಾದ 30×40 ಅಡಿ ನಿವೇಶನದ ಎರಡು ಅಂತಸ್ತಿನ ಮನೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಫೈಬರ್ ಸಂಪರ್ಕ ಕೊಡಲು ಬಂದವರು ಬೀದಿ ಬದಿಯಿಂದ ತಂತಿ ತಂದು, ಹಾಲ್‌ನ ಬಾಗಿಲ ಪಕ್ಕದಲ್ಲೇ ಪೆಟ್ಟಿಗೆ ಕೂರಿಸಿ ಹೋಗುತ್ತಾರೆ. ಓದುವ ಕೋಣೆ ಮಹಡಿಯ ಹಿಂಭಾಗದಲ್ಲಿ. ನಡುವೆ ಎರಡು ಮೂರು ಗೋಡೆ, ಕಬ್ಬಿಣ ತುಂಬಿದ ಒಂದು ಸ್ಲ್ಯಾಬ್. 2.4 ಗಿಗಾಹರ್ಟ್ಸ್ ಅಲೆ ಹೇಗೋ ತೂರಿಕೊಂಡು ಹೋಗುತ್ತದೆ. ವೇಗ ಕೊಡುವ 5 ಗಿಗಾಹರ್ಟ್ಸ್ ಅಲೆ ಅಲ್ಲಿಗೆ ತಲುಪುವಷ್ಟರಲ್ಲಿ ಸೊರಗಿರುತ್ತದೆ. ಒಂದರಿಂದೊಂದಕ್ಕೆ ವೈ-ಫೈ ದಾಟಿಸುವ ಮೆಶ್ ಪೆಟ್ಟಿಗೆಗಳನ್ನು ತಂದಿಟ್ಟರೂ ಅವು ಪರಸ್ಪರ ಮಾತಾಡುವುದು ಅದೇ ಸ್ಲ್ಯಾಬಿನ ಮೂಲಕವೇ. ಹಾಲ್‌ನಿಂದ ಮಹಡಿಗೆ ಒಂದೇ ಒಂದು ಕೇಬಲ್ ಎಳೆದು ಅದರ ತುದಿಗೆ ವೈ-ಫೈ ಪೆಟ್ಟಿಗೆ ಕೂರಿಸಿದರೆ ಈ ಸಮಸ್ಯೆ ಬುಡಸಮೇತ ಹೋಗುತ್ತದೆ. ಮನೆ ತುಂಬ ಕೇಬಲ್ ಎಂದು ಹೆದರಬೇಕಿಲ್ಲ. ಇಂಥ ಮನೆಗೆ ಸರಿಯಾದ ಜಾಗದಲ್ಲಿ ಎರಡು ಮೂರು ಎಳೆ ಸಾಕು.

ಉದ್ದದ ಚಿಂತೆಯೂ ಬೇಡ. ಮಾನಕ ಒಪ್ಪುವ ಮಿತಿ 100 ಮೀಟರ್: ಗೋಡೆಯೊಳಗೆ 90 ಮೀಟರ್, ಎರಡು ತುದಿಯಲ್ಲಿ ಗೋಡೆಯಿಂದ ಉಪಕರಣಕ್ಕೆ ಹೋಗುವ ತುಂಡು ಕೇಬಲ್, ಅಂದರೆ ಪ್ಯಾಚ್ ಕಾರ್ಡ್‌ಗಳಿಗೆ 10 ಮೀಟರ್. ನಮ್ಮ ಮನೆಯಲ್ಲಿ ಅತಿ ದೂರದ ಎಳೆಯೂ 30 ಮೀಟರ್ ದಾಟುವುದು ಅಪರೂಪ.

ದಾರಿ ಹುಡುಕುವುದು

ಇದೇ ಈ ವಿದ್ಯೆಯ ಹೃದಯ. ಕೈಯಲ್ಲಿ ಟಾರ್ಚ್ ಮತ್ತು ಕಾಗದ ಹಿಡಿದು ಇಡೀ ಮನೆ ಸುತ್ತಬೇಕು. ಡ್ರಿಲ್ ಮುಟ್ಟುವುದೇ ಬೇಡ.

ಮೊದಲು ಟಿವಿ ಪಾಯಿಂಟ್ ನೋಡಿ. ಕಳೆದ ಎರಡು ಮೂರು ದಶಕಗಳಲ್ಲಿ ಕಟ್ಟಿದ ಮನೆಗಳಲ್ಲಿ ಹಾಲ್‌ನಿಂದ ತಾರಸಿಗೆ, ಮಲಗುವ ಕೋಣೆಯಿಂದ ತಾರಸಿಗೆ ಟಿವಿ ಕೇಬಲ್‌ಗೆಂದೇ ಪ್ರತ್ಯೇಕ ಪಿವಿಸಿ ಪೈಪ್ ಹಾಕಿರುವುದು ಸಾಮಾನ್ಯ. ಡಿಶ್ ತೆಗೆದು ಎಷ್ಟೋ ಕಾಲವಾಗಿದ್ದರೂ ಪೈಪ್ ಮತ್ತು ಅದರೊಳಗಿನ ಕೇಬಲ್ ಅಲ್ಲೇ ಇರುತ್ತವೆ. ಆಮೇಲೆ ಹಳೆಯ ಲ್ಯಾಂಡ್‌ಲೈನ್ ಫೋನಿನ ಪಾಯಿಂಟ್, ಗೇಟಿನ ಇಂಟರ್‌ಕಾಮ್ ಪಾಯಿಂಟ್. ಇವೆಲ್ಲ ಗೋಡೆಯೊಳಗಿನ ಸಿದ್ಧ ದಾರಿಗಳು. ತಟ್ಟೆ ಬಿಚ್ಚಿ ಒಳಗೆ ಟಾರ್ಚ್ ಹಾಕಿದರೆ ಪೈಪಿನ ಬಾಯಿ ಕಾಣುತ್ತದೆ. ಹೊರವ್ಯಾಸ 20 ಮಿ.ಮೀ. ಇದ್ದರೆ ಸುಮಾರು 6 ಮಿ.ಮೀ. ದಪ್ಪದ ಎರಡು ಕ್ಯಾಟ್-6 (ನೆಟ್‌ವರ್ಕ್ ಕೇಬಲಿನ ಒಂದು ದರ್ಜೆ) ಕೇಬಲ್ ಸಲೀಸಾಗಿ ಹೋಗುತ್ತವೆ. 25 ಮಿ.ಮೀ. ಪೈಪಿಗೆ ನಾಲ್ಕು. ಪೈಪಿನ ಒಳ ಅಡ್ಡಕೊಯ್ತದಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ತುಂಬಬಾರದು ಎಂಬುದು ಎಲ್ಲೆಡೆ ಪಾಲಿಸುವ ಲೆಕ್ಕ. ಮೀರಿದರೆ ತಿರುವುಗಳಲ್ಲಿ ಕೇಬಲ್ ಕಚ್ಚಿಕೊಳ್ಳುತ್ತದೆ.

ಪೈಪ್ ಸಿಗದಿದ್ದರೆ ಎರಡನೇ ಸುತ್ತು. ಫಾಲ್ಸ್ ಸೀಲಿಂಗ್ ಇದ್ದರೆ ಅದರ ಮೇಲಿನ ಜಾಗ. ಕೊಳಾಯಿ ಪೈಪುಗಳು ಇಳಿಯುವ ಡಕ್ಟ್. ಎಸಿಗಾಗಿ ಗೋಡೆಯಲ್ಲಿ ಕೊರೆದ ತೂತು. ಎರಡು ಕೋಣೆಗಳ ವಾರ್ಡ್‌ರೋಬುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದರೆ ನಡುವಿನ ಗೋಡೆಗೆ ಒಂದು ತೂತು ಸಾಕು, ಅದು ಬಟ್ಟೆಗಳ ಹಿಂದೆ ಯಾರಿಗೂ ಕಾಣದು. ಅಡುಗೆಮನೆಯ ಸಜ್ಜಾದ ಮೇಲೆ, ಪಾತ್ರೆ ಪೆಟ್ಟಿಗೆಗಳ ಹಿಂದೆ ಹಾದುಹೋದ ಕೇಬಲನ್ನು ವರ್ಷಗಟ್ಟಲೆ ಯಾರೂ ಗಮನಿಸುವುದಿಲ್ಲ.

ಮಂಗಳೂರು ಹೆಂಚಿನ ಮನೆಯವರು ಈ ವಿಷಯದಲ್ಲಿ ಪುಣ್ಯವಂತರು. ಹಲಗೆಯ ಮುಚ್ಚಿಗೆ ಇದ್ದರೆ ಅದರ ಮೇಲಿನ ಅಟ್ಟ ಇಡೀ ಮನೆಯನ್ನು ಜೋಡಿಸುವ ಹೆದ್ದಾರಿಯೇ ಸರಿ. ಆದರೆ ಅಲ್ಲಿ ಇಲಿಗಳದ್ದೇ ರಾಜ್ಯ. ಕೇಬಲನ್ನು ಬರಿದಾಗಿ ಬಿಡದೆ ಪೈಪಿನೊಳಗೇ ಸಾಗಿಸಬೇಕು. ಪೈಪಿನ ತುದಿಗಳನ್ನೂ ಮುಚ್ಚಬೇಕು.

ಎಳೆಯುವ ಕ್ರಮ

ಪೈಪಿನಲ್ಲಿರುವ ಹಳೆಯ ಟಿವಿ ಕೇಬಲನ್ನು ಕಿತ್ತೆಸೆಯಬೇಡಿ. ಒಳಗೆ ದಾರ ಹಾಕುವ ಕಷ್ಟವನ್ನು ಅದು ಆಗಲೇ ಮುಗಿಸಿಕೊಟ್ಟಿದೆ. ಒಂದು ತುದಿಯಲ್ಲಿ ಮೆಲ್ಲಗೆ ಎಳೆದು ಇನ್ನೊಂದು ತುದಿ ಅಲುಗುತ್ತದೆಯೇ ನೋಡಿ. ಅಲುಗಿದರೆ ಅರ್ಧ ಕೆಲಸ ಆದಂತೆ.

ಈಗ ಜೋಡಣೆ. ಹೊಸ ಕೇಬಲಿನ ತುದಿಯಲ್ಲಿ ಸುಮಾರು 10 ಸೆಂ.ಮೀ. ಹೊರಕವಚ ಸುಲಿಯಿರಿ. ಒಳಗೆ ಎರಡೆರಡಾಗಿ ತಿರುಚಿಕೊಂಡ ತಂತಿಗಳ ನಾಲ್ಕು ಜೋಡಿಗಳಲ್ಲಿ ಎರಡನ್ನು ಕವಚದ ಬುಡದಲ್ಲೇ ಕತ್ತರಿಸಿ. ಉಳಿದ ಎರಡನ್ನು ಹಳೆಯ ಕೇಬಲಿನ ತುದಿಗೆ ಸುತ್ತಿ, ಒಂದು ಗಟ್ಟಿ ನೈಲಾನ್ ದಾರವನ್ನೂ ಜೊತೆಗೆ ಸೇರಿಸಿ, ಇನ್ಸುಲೇಶನ್ ಟೇಪ್ ಬಿಗಿಯಾಗಿ ಸುತ್ತಿ. ಸೂಜಿಗೆ ಪೋಣಿಸುವ ಮುನ್ನ ದಾರದ ತುದಿಯನ್ನು ಹೊಸೆಯುವಂತೆ, ಈ ಗಂಟೂ ಮುಂದೆ ಸಣ್ಣಗಾಗಿ ಹಿಂದೆ ದಪ್ಪವಾಗುತ್ತ ಬರಬೇಕು. ಮೆಟ್ಟಿಲಿನಂಥ ಅಂಚು ಉಳಿದರೆ ಅದು ಮೊದಲ ಬೆಂಡಿನಲ್ಲೇ ಸಿಕ್ಕಿಕೊಳ್ಳುತ್ತದೆ. ಟೇಪಿನ ಮೇಲೆ ಟಾಲ್ಕಮ್ ಪೌಡರ್ ಹಚ್ಚಿ. ಎಣ್ಣೆ, ಗ್ರೀಸ್ ಬೇಡ, ಅವು ಕವಚವನ್ನು ಹಾಳುಮಾಡುತ್ತವೆ.

ಇಬ್ಬರು ಬೇಕು. ಕೆಳಗಿನವರು ಕೇಬಲನ್ನು ಸುರುಳಿಯಿಂದ ಬಿಡಿಸಿ, ತಿರುಚದಂತೆ ನೇರ ಮಾಡಿ ಪೈಪಿನ ಬಾಯಿಗೆ ಉಣಿಸುತ್ತಿರಬೇಕು. ಮೇಲಿನವರು ಒಂದೇ ಸಮನೆ ಎಳೆಯಬೇಕು. ಕ್ಯಾಟ್-6ಕ್ಕೆ ಒಪ್ಪಿರುವ ಗರಿಷ್ಠ ಎಳೆತ ಸುಮಾರು 110 ನ್ಯೂಟನ್, ಅಂದರೆ 11 ಕಿಲೊ ತೂಕದಷ್ಟು. ಕಾಲು ಗೋಡೆಗೆ ಒತ್ತಿ ಜಗ್ಗಿದರೆ ಅದನ್ನು ಯಾವಾಗಲೋ ದಾಟಿರುತ್ತೀರಿ. ಒಳಗಿನ ಜೋಡಿಗಳ ಹೆಣಿಗೆ ಸಡಿಲವಾಗಿ ಕೇಬಲ್ ಹೊರಗಿನಿಂದ ಚೆನ್ನಾಗಿ ಕಂಡರೂ ವೇಗ ಬಿದ್ದುಹೋಗುತ್ತದೆ. ಬಾಗಿಸುವಾಗಲೂ ಅಷ್ಟೇ: ಬಾಗಿನ ತ್ರಿಜ್ಯ ಕೇಬಲಿನ ವ್ಯಾಸದ ನಾಲ್ಕು ಪಟ್ಟು, ಅಂದರೆ ಸುಮಾರು 25 ಮಿ.ಮೀ.ಗಿಂತ ಕಡಿಮೆ ಆಗಬಾರದು.

ಪೈಪ್ ಖಾಲಿಯಿದ್ದರೆ ಎಲೆಕ್ಟ್ರಿಷಿಯನ್‌ಗಳು ಬಳಸುವ ವೈರ್ ಎಳೆಯುವ ಸ್ಪ್ರಿಂಗ್ ಬೇಕು. ಉಕ್ಕಿನದಕ್ಕಿಂತ ನೈಲಾನಿನದು ವಾಸಿ, ಏಕೆಂದರೆ ಸ್ಪ್ರಿಂಗ್ ದಾರಿ ತಪ್ಪಿ ಯಾವುದಾದರೂ ವಿದ್ಯುತ್ ಬಾಕ್ಸಿನಲ್ಲಿ ತಲೆ ಹಾಕಬಹುದು, ಉಕ್ಕಿನಲ್ಲಾದರೆ ಕರೆಂಟ್ ಕೈವರೆಗೆ ಹರಿಯುತ್ತದೆ. ಯಾವ ಸ್ಪ್ರಿಂಗ್ ಆದರೂ ಮನೆಯ ಎಂಸಿಬಿ ಇಳಿಸಿಯೇ ತೂರಿಸಬೇಕು. ಅದೂ ಹೋಗದಿದ್ದರೆ ತೆಳುವಾದ ದಾರದ ತುದಿಗೆ ಪ್ಲಾಸ್ಟಿಕ್ ಚೀಲದ ಚೂರು ಕಟ್ಟಿ, ಇನ್ನೊಂದು ತುದಿಯಿಂದ ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ದಾರ ಹಾರಿಕೊಂಡು ಬರುತ್ತದೆ. ಹಳೆಯ ಕೇಬಲ್ ಎಷ್ಟು ಮಾಡಿದರೂ ಕದಲದಿದ್ದರೆ ಪೈಪಿನ ಕೀಲಿನಲ್ಲಿ ಸಿಮೆಂಟ್ ಇಳಿದಿದೆ ಎಂದು ತಿಳಿದು, ನಡುವೆ ಎಲ್ಲಾದರೂ ಜಂಕ್ಷನ್ ಬಾಕ್ಸ್ ಇದೆಯೇ ಹುಡುಕಬೇಕು. ಬಣ್ಣದ ಅಡಿಯಲ್ಲಿ ಮುಚ್ಚಿಹೋದ ಬಾಕ್ಸುಗಳು ಗೋಡೆ ತಟ್ಟಿದರೆ ಸದ್ದಿನಿಂದ ಗೊತ್ತಾಗುತ್ತವೆ.

ಎಂದೂ ಮಾಡಬಾರದ ಒಂದು ಕೆಲಸ

ಸ್ವಿಚ್‌ಬೋರ್ಡಿಗೆ ಹೋಗುವ ಪೈಪಿನಲ್ಲಿ ಜಾಗ ಇದೆಯಲ್ಲ, ಅದರಲ್ಲೇ ನೆಟ್‌ವರ್ಕ್ ಕೇಬಲನ್ನೂ ತುರುಕಿಬಿಡೋಣ ಎಂದು ಹೇಳುವವರು ಸಿಗುತ್ತಾರೆ. ಒಪ್ಪಬೇಡಿ. ಸಿಗ್ನಲ್ ಕೆಡುತ್ತದೆ ಎಂಬುದು ಚಿಕ್ಕ ಕಾರಣ. ದೊಡ್ಡ ಕಾರಣ ಪ್ರಾಣದ್ದು. 230 ವೋಲ್ಟ್ ತಂತಿಯ ಹೊದಿಕೆ ಎಳೆದಾಟದಲ್ಲಿ ತರಚಿ ನೆಟ್‌ವರ್ಕ್ ಕೇಬಲಿಗೆ ತಾಗಿದರೆ, ಆ ವಿದ್ಯುತ್ತು ಇನ್ನೊಂದು ಕೋಣೆಯಲ್ಲಿ ಮಗು ಮುಟ್ಟುವ ಲೋಹದ ಪ್ಲಗ್ಗಿನವರೆಗೆ ಬರಬಹುದು. ಎರಡಕ್ಕೂ ಬೇರೆ ಪೈಪ್, ಬೇರೆ ಬಾಕ್ಸ್. ಅಕ್ಕಪಕ್ಕ ಸಾಗಬೇಕಾದರೆ ನಡುವೆ ಅಂತರ ಇರಲಿ. ದಾಟಬೇಕಾದರೆ ಅಡ್ಡಲಾಗಿ ದಾಟಲಿ.

ದಾರಿ ಇಲ್ಲದ ಮನೆಯಲ್ಲಿ

ಗೋಡೆ ಕೊರೆಯಲೇಬೇಕಾದರೆ ಲೆಕ್ಕ ಗೊತ್ತಿರಬೇಕು. ನೆಟ್ಟಗೆ ಇಳಿಯುವ ಕಾಲುವೆ ಗೋಡೆಯ ದಪ್ಪದ ಮೂರನೇ ಒಂದು ಭಾಗ, ಅಡ್ಡ ಕಾಲುವೆ ಆರನೇ ಒಂದು ಭಾಗ ಮೀರಬಾರದು ಎಂಬುದು ಕಟ್ಟಡ ಕೆಲಸದ ರೂಢಿಯ ನಿಯಮ. ನಾಲ್ಕು ಇಂಚಿನ ಗೋಡೆಗೆ ಆರನೇ ಒಂದು ಎಂದರೆ ಸುಮಾರು 17 ಮಿ.ಮೀ.; 20 ಮಿ.ಮೀ. ಪೈಪೇ ಅದರಲ್ಲಿ ಕೂರುವುದಿಲ್ಲ. ಹಾಗಾಗಿ ತೆಳು ಗೋಡೆಯಲ್ಲಿ ಅಡ್ಡ ಕೊರೆತವನ್ನು ಕೈಬಿಡಿ. ಕಂಬ, ಬೀಮ್, ಸ್ಲ್ಯಾಬ್ ಇವನ್ನಂತೂ ಮುಟ್ಟಲೇಬಾರದು.

ನನ್ನ ಮಟ್ಟಿಗೆ ಕೊರೆಯುವುದಕ್ಕಿಂತ ಗೋಡೆಯ ಮೇಲೆ ಕೂರಿಸಿ ಮುಚ್ಚಳ ಹಾಕುವ ಪಿವಿಸಿ ಕೇಸಿಂಗ್-ಕ್ಯಾಪಿಂಗ್ ಪಟ್ಟಿಯೇ ಎಷ್ಟೋ ಮೇಲು. ಅದು ಕುರೂಪವಾಗಿ ಕಾಣುವುದು ಗೋಡೆಯ ನಡುವೆ ಹಾದುಹೋದಾಗ ಮಾತ್ರ. ಬಾಗಿಲ ಚೌಕಟ್ಟಿನ ಅಂಚು, ಸ್ಕರ್ಟಿಂಗ್ ಟೈಲಿನ ಮೇಲಂಚು, ಗೋಡೆ ಮತ್ತು ಸೀಲಿಂಗ್ ಕೂಡುವ ಮೂಲೆ, ಹೀಗೆ ಮನೆಯಲ್ಲಿ ಮೊದಲೇ ಗೆರೆಯಿರುವ ಕಡೆ ಪಟ್ಟಿಯನ್ನು ಸೇರಿಸಿ, ಗೋಡೆಯದೇ ಬಣ್ಣ ಹೊಡೆದರೆ ಕಣ್ಣು ಅದನ್ನು ಬೇರೆಯಾಗಿ ಗುರುತಿಸುವುದಿಲ್ಲ. ಬಾಡಿಗೆ ಮನೆಗೂ ಇದೇ ಸರಿ.

ಹೊರಗೋಡೆಯ ಮೂಲಕ ಮಹಡಿಗೆ ಏರಿಸುವುದಾದರೆ ಬಿಸಿಲು ತಾಳುವ ಕಪ್ಪು ಪಾಲಿಎಥಿಲೀನ್ ಕವಚದ ಕೇಬಲ್ ಬೇಕು. ಮನೆಯೊಳಗಿನ ಕೇಬಲಿನ ಪಿವಿಸಿ ಕವಚ ಬಿಸಿಲಿಗೆ ಸೀಳುತ್ತದೆ. ತೂತನ್ನು ಒಳಗಿನಿಂದ ಹೊರಕ್ಕೆ ಇಳಿಜಾರಾಗಿ ಕೊರೆಯಿರಿ. ತೂತಿನ ಕೆಳಗೆ ಕೇಬಲ್ ಒಂದು ಬಾಗು ಇಳಿದು ಮೇಲೇರಿದರೆ ಮಳೆನೀರು ಆ ಬಾಗಿನಿಂದಲೇ ತೊಟ್ಟಿಕ್ಕುತ್ತದೆ, ಗೋಡೆಯೊಳಕ್ಕೆ ಹೋಗುವುದಿಲ್ಲ. ಮಲೆನಾಡಿನಲ್ಲಿ ಈ ಬಾಗು ಮರೆತರೆ ಒಂದೇ ಮಳೆಗಾಲಕ್ಕೆ ಗೋಡೆಯಲ್ಲಿ ಪಾಚಿಯ ಗೆರೆ ಮೂಡುತ್ತದೆ. ಅಂಗಳ ದಾಟಿ ಇನ್ನೊಂದು ಕಟ್ಟಡಕ್ಕೆ ಹೋಗಬೇಕಾದರೆ ತಾಮ್ರ ಬೇಡ, ಫೈಬರ್ ಹಾಕಿ. ಸಿಡಿಲಿನ ಏರುಪೇರು ಗಾಜಿನ ಎಳೆಯಲ್ಲಿ ಹರಿಯುವುದಿಲ್ಲ.

ಯಾವ ಕೇಬಲ್

ಮನೆಗೆ ಕ್ಯಾಟ್-6 ಕೊಳ್ಳಿ. 1 ಗಿಗಾಬಿಟ್ ಪೂರ್ತಿ 100 ಮೀಟರ್‌ಗೂ, 10 ಗಿಗಾಬಿಟ್ ಸುಮಾರು 55 ಮೀಟರ್‌ವರೆಗೂ ಅದರಲ್ಲಿ ಹೋಗುತ್ತದೆ. ಕ್ಯಾಟ್-6ಎ ದಪ್ಪ, ಬಿರುಸು; ಹಳೆಯ ಪೈಪುಗಳಲ್ಲಿ ಕಾಟ ಕೊಡುತ್ತದೆ. ಹೆಸರಿಗಿಂತ ಮುಖ್ಯವಾದದ್ದು ಲೋಹ. ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಕ್ಯಾಟ್-6 ಎಂದೇ ಅಚ್ಚಾಗಿರುತ್ತದೆ. ಒಂದು ತಂತಿಯನ್ನು ಬ್ಲೇಡಿನಿಂದ ಹೆರೆದು ನೋಡಿ: ಒಳಗೆ ಬೆಳ್ಳಗಾದರೆ ವಾಪಸು ಕೊಟ್ಟುಬಿಡಿ. ಅದರ ವಿದ್ಯುತ್ ರೋಧ ಹೆಚ್ಚು, ಬಾಗಿದಲ್ಲಿ ಮುರಿಯುತ್ತದೆ, ಯಾವ ಮಾನಕಕ್ಕೂ ಒಗ್ಗುವುದಿಲ್ಲ.

ತುದಿ ಕಟ್ಟುವುದು, ಪರೀಕ್ಷಿಸುವುದು

ಗೋಡೆಯೊಳಗಿನ ಕೇಬಲಿನ ತುದಿಗೆ ನೇರವಾಗಿ ಪ್ಲಗ್ ಒತ್ತದೆ ಕೀಸ್ಟೋನ್ ಜ್ಯಾಕಿಗೆ (ತಟ್ಟೆಯಲ್ಲಿ ಕೂರುವ ಚಿಕ್ಕ ನೆಟ್‌ವರ್ಕ್ ಸಾಕೆಟ್) ಕೂರಿಸಿ, ಸ್ವಿಚ್‌ಬೋರ್ಡಿನಂಥದೇ ತಟ್ಟೆಯಲ್ಲಿ ಮುಚ್ಚಿ. ಬಣ್ಣದ ಕ್ರಮ ಎರಡೂ ತುದಿಯಲ್ಲಿ ಟಿ-568ಬಿ ಎಂಬ ಮಾನಕದ್ದು, 1ರಿಂದ 8ನೇ ಪಿನ್‌ವರೆಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ 3 ಮತ್ತು 6ಕ್ಕೆ ಹರಡಿಕೊಂಡು ನೀಲಿಯನ್ನು ನಡುವೆ ಇಟ್ಟುಕೊಂಡಿರುವುದನ್ನು ಗಮನಿಸಿ. ಎರಡೂ ತುದಿಯಲ್ಲಿ ಒಂದೇ ಕ್ರಮ ಇದ್ದರಾಯಿತು ಎಂದು ಮನಸ್ಸಿಗೆ ಬಂದಂತೆ ಜೋಡಿಸಿದರೆ ಅಗ್ಗದ ಪರೀಕ್ಷಕದಲ್ಲಿ ಎಂಟೂ ದೀಪ ಸಾಲಾಗಿ ಹೊತ್ತುತ್ತವೆ, ಆದರೆ ಒಂದು ಸಂಕೇತದ ಎರಡು ತಂತಿಗಳು ಬೇರೆ ಬೇರೆ ಹೆಣಿಗೆಗೆ ಹಂಚಿಹೋಗಿರುತ್ತವೆ. ಎರಡು ತಂತಿ ಒಟ್ಟಿಗೆ ತಿರುಚಿಕೊಂಡಿದ್ದರೆ ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಗಲಿ ಕೊನೆಯಲ್ಲಿ ಕಳೆದುಹೋಗುತ್ತದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದ ಈ ಉಪಾಯದ ಮೇಲೇ ಇಂದಿನ ಕೇಬಲೂ ನಿಂತಿದೆ. ಜ್ಯಾಕಿನ ಬಳಿ 13 ಮಿ.ಮೀ.ಗಿಂತ ಹೆಚ್ಚು ಹೆಣಿಗೆ ಬಿಚ್ಚಬಾರದು ಎನ್ನುವುದೂ ಇದೇ ಕಾರಣಕ್ಕೆ.

ಎಲ್ಲ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಸಂಪರ್ಕದ ವೇಗ ನೋಡಿ. 1000ದ ಬದಲು 100 ಎಂದು ತೋರಿಸಿದರೆ ಮೊದಲು ನೀಲಿ ಮತ್ತು ಕಂದು ತಂತಿಗಳನ್ನು ಪರೀಕ್ಷಿಸಿ. 100 ಮೆಗಾಬಿಟ್‌ಗೆ ಕಿತ್ತಳೆ, ಹಸಿರು ಜೋಡಿಗಳಷ್ಟೇ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು.

ಪ್ರತಿ ಕೇಬಲಿನ ಎರಡೂ ತುದಿಗೆ ಹೆಸರು ಬರೆದ ಚೀಟಿ ಅಂಟಿಸಿ. ಜೊತೆಗೆ ಎಳೆದ ನೈಲಾನ್ ದಾರವನ್ನು ಪೈಪಿನಲ್ಲೇ ಬಿಟ್ಟು ಎರಡು ತುದಿಯಲ್ಲೂ ಗಂಟು ಹಾಕಿ. ಯಾವ ಪೈಪ್ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬ ಕೈನಕ್ಷೆಯನ್ನು ಎಂಸಿಬಿ ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸಿದರೆ ಮುಂದೆ ಕೆಲಸಕ್ಕೆ ಬರುವವರು ಗೋಡೆ ತಟ್ಟುತ್ತ ಕೂರಬೇಕಿಲ್ಲ.

ಕರೆಂಟ್ ಹೋದಾಗ

ಮಹಡಿಯ ವೈ-ಫೈ ಪೆಟ್ಟಿಗೆಗೆ ಅಲ್ಲೇ ಪ್ಲಗ್ ಪಾಯಿಂಟ್ ಹುಡುಕುವ ಬದಲು ನೆಟ್‌ವರ್ಕ್ ಕೇಬಲಿನಲ್ಲೇ ವಿದ್ಯುತ್ ಕಳಿಸಬಹುದು. 2003ರ ಮಾನಕದ ಪ್ರಕಾರ ಕಳಿಸುವ ಕಡೆ 15.4 ವ್ಯಾಟ್, ತಲುಪುವ ಕಡೆ 12.95 ವ್ಯಾಟ್, 2009ರ ಮಾನಕದಲ್ಲಿ ಕಳಿಸುವ ಕಡೆ 30 ವ್ಯಾಟ್. ಸೀಲಿಂಗಿಗೆ ಕೂರಿಸುವ ಹೆಚ್ಚಿನ ಪೆಟ್ಟಿಗೆಗಳಿಗೆ ಇಷ್ಟು ಸಾಕು. ಹೀಗೆ ಮಾಡಿದರೆ ಫೈಬರ್ ಪೆಟ್ಟಿಗೆ, ರೂಟರ್ ಮತ್ತು ವಿದ್ಯುತ್ ಕಳಿಸುವ ನೆಟ್‌ವರ್ಕ್ ಸ್ವಿಚ್ (ಹಲವು ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ) ಮೂರನ್ನೂ ಹಾಲ್‌ನ ಒಂದೇ ಯುಪಿಎಸ್‌ಗೆ ಸೇರಿಸಬಹುದು; ಕರೆಂಟ್ ಹೋದರೂ ಮಹಡಿಯ ವೈ-ಫೈ ನಡೆಯುತ್ತದೆ. ಆ ಸ್ವಿಚ್ ಬಿಸಿಯಾಗುವುದರಿಂದ ಅದನ್ನು ಗಾಳಿಯಾಡದ ಸಜ್ಜಾದೊಳಗೆ ಮುಚ್ಚಿಡದೆ, ಟಿವಿ ಘಟಕದ ಹಿಂದೆ ಬೆನ್ನು ತೆರೆದಿರುವ ಕಡೆ ಕೂರಿಸಬೇಕು.